ಪಳಗಿದ ಕೈ

ಕಿಟ್ಟು ನಮ್ಮ ಮನೆಗೆ ಬಂದಾಗ ಪಂಜರದ ಜೊತೆ ಅರ್ಧ ಕಿಲೋ ನವಣೆ, ಹಕ್ಕಿ ಕೊಕ್ಕು ಮಸೆಯುವ, ಸವೆದ ಒಂದು ಕಟ್ಲ್‌ಬೋನ್ ತುಂಡು ಮತ್ತು ಒಂದು ಭರವಸೆ ಬಂದವು. ಭರವಸೆ ಹಿಂದೆ ಸಾಕಿದ್ದವರದು: "ತುಂಬಾ ಸಾಧು ಮೇಡಂ, ಕರೆದರೆ ಕೈ ಮೇಲೆ ಬಂದು ಕೂರುತ್ತೆ." ಅವರು ಸುಳ್ಳು ಹೇಳಿರಲಿಲ್ಲ. ಅವರ ಕೈ ಮೇಲೆ ಕೂರುತ್ತಿತ್ತು. ನಾನು ಅದೇ ಸಂಜೆ ಪಂಜರದ ಬಾಗಿಲು ತೆಗೆದು ಕೈ ಒಳಗಿಟ್ಟೆ. ಹಕ್ಕಿ ಹಿಂದಿನ ಕಂಬಿಗೆ ಅಂಟಿಕೊಂಡಿತು, ತಲೆಯ ಜುಟ್ಟು ನೆಟ್ಟಗೆ ನಿಂತಿತು, ಹಾವಿನ ಮರಿ ಬುಸುಗುಟ್ಟಿದ ಹಾಗೆ ಒಂದು ಸದ್ದು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. "ಏನೂ ಮಾಡಲ್ಲ ಕಣೋ" ಅನ್ನುತ್ತಾ ಬೆರಳನ್ನು ಇನ್ನೂ ಎರಡಿಂಚು ಮುಂದೆ ಚಾಚಿದೆ. ಅದು ಕೊಟ್ಟ ಉತ್ತರದ ಗುರುತು ನನ್ನ ತೋರುಬೆರಳಿನ ಮೇಲೆ ಒಂದು ವಾರ ಇತ್ತು.

ಅಡುಗೆಮನೆಯಿಂದ ಅಮ್ಮ ಕೇಳಿದಳು, "ಯಾಕೇ ಹಾಗೆ ಕೂಗ್ಕೊಂಡೆ?"

"ಹಕ್ಕಿ ಕಚ್ಚಿಬಿಡ್ತು."

"ಅದು ಬಂದು ಕಚ್ಚಿತೋ, ನೀನು ಹೋಗಿ ಕಚ್ಚಿಸ್ಕೊಂಡ್ಯೋ?"

ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. 'ಪಳಗಿಸು' ಅಂದರೆ ನಮಗೆ ಥಟ್ಟನೆ ನೆನಪಾಗುವುದು ಆನೆ. ದುಬಾರೆ, ಸಕ್ರೆಬೈಲು, ಕ್ರಾಲ್ ಅನ್ನುವ ಮರದ ದಿಮ್ಮಿಯ ದೊಡ್ಡಿ, ಅಂಕುಶ ಹಿಡಿದ ಮಾವುತ. ಆದರೆ ಅದೇ ಮಾತನ್ನು ನಾವು ಅಡುಗೆಯವರಿಗೂ, ಕುಸುರಿ ಕೆಲಸದವರಿಗೂ ಹೇಳುತ್ತೇವಲ್ಲ: ಪಳಗಿದ ಕೈ. ಹೊಸದಾಗಿ ಹಕ್ಕಿಯನ್ನು ಮನೆಗೆ ತಂದವರು ಈ ಎರಡನೆಯ ಅರ್ಥವನ್ನು ಹಿಡಿದುಕೊಂಡು ಶುರುಮಾಡಿದರೆ ಮುಂದಿನ ಕೆಲಸ ಅರ್ಧ ಹಗುರ.

ಮೊದಲು ಯಾವ ಹಕ್ಕಿ ಅನ್ನೋದನ್ನು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಸರುಗಳದ್ದೇ ಗೊಂದಲ. ಕಿಟ್ಟು ಕಾಕಟೀಲ್ ಜಾತಿಯದು. ಬೂದು ಮೈ, ಹಳದಿ ಮುಖ, ಕೆನ್ನೆಯ ಮೇಲೆ ದುಂಡನೆ ಕಿತ್ತಳೆ ಬೊಟ್ಟು, ತಲೆಯ ಮೇಲೆ ಜುಟ್ಟು. ಅಂಗಡಿಯವರ ಬಾಯಲ್ಲಿ ಇದು ಸಲೀಸಾಗಿ 'ಕಾಕ್‌ಟೇಲ್' ಆಗಿಬಿಟ್ಟಿದೆ. ನಮ್ಮೂರುಗಳಲ್ಲಿ 'ಲವ್ ಬರ್ಡ್ಸ್' ಅಂತ ಜೋಡಿ ಲೆಕ್ಕದಲ್ಲಿ ಮಾರುವ ಹಸಿರು, ನೀಲಿ ಪುಟ್ಟ ಹಕ್ಕಿಗಳು ನಿಜಕ್ಕೂ ಲವ್ ಬರ್ಡ್ ಅಲ್ಲ, ಬಜರಿಗರ್. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಬಜರಿಗರ್ ಮತ್ತು ಕಾಕಟೀಲ್ ಎರಡೂ ಆಸ್ಟ್ರೇಲಿಯಾದ ಒಣ ಬಯಲಿನವು. 1840ರಲ್ಲಿ ಪಕ್ಷಿತಜ್ಞ ಜಾನ್ ಗೂಲ್ಡ್ ಜೀವಂತ ಬಜರಿಗರ್‌ಗಳನ್ನು ಇಂಗ್ಲೆಂಡಿಗೆ ಕೊಂಡೊಯ್ದ. ಇಂದು ನಮ್ಮ ಅಂಗಡಿಗಳಲ್ಲಿ ಕಾಣುವ ಬಜರಿಗರ್, ಕಾಕಟೀಲ್‌ಗಳೆಲ್ಲ ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದವು. ಆದರೆ ನಾಯಿ, ಹಸುಗಳ ಹಾಗೆ ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದ ಪ್ರಾಣಿಗಳಲ್ಲ ಇವು. ಹುಟ್ಟಿದ್ದು ಪಂಜರದಲ್ಲಾದರೂ ತಲೆಯೊಳಗಿನ ಹೆದರಿಕೆ ಬಯಲಿನದ್ದೇ.

ಕಾನೂನಿನ ಮಾತು ಎರಡು ಸಾಲಲ್ಲಿ. ನಮ್ಮ ತೋಟದ ಹಸಿರು ಗಿಳಿಯನ್ನು, ಕೊರಳಲ್ಲಿ ಗುಲಾಬಿ ಪಟ್ಟಿ ಇರುವುದನ್ನು, ಮನೆಯಲ್ಲಿ ಸಾಕುವುದು, ಮಾರುವುದು, ಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಜ್ಜಿ ಸಾಕಿದ್ದರು ಅನ್ನುವುದು ಸಮಜಾಯಿಷಿ ಆಗದು. ಬಜರಿಗರ್, ಕಾಕಟೀಲ್ ಎರಡೂ ಸೈಟಿಸ್ ಪಟ್ಟಿಯಲ್ಲಿಲ್ಲ; ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ ಅದು. ಮಕಾವ್, ಆಫ್ರಿಕನ್ ಗ್ರೇ, ಸನ್ ಕನ್ಯೂರ್‌ನಂಥ ವಿದೇಶಿ ಗಿಳಿಗಳು ಇವೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಹಕ್ಕಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಯಾರಾದರೂ "ಸುಮ್ಮನೆ ಇಟ್ಕೊಳ್ಳಿ" ಅಂತ ಮಕಾವ್ ಕೊಟ್ಟರೆ ಹಕ್ಕಿಗಿಂತ ಮುಂಚೆ ಕಾಗದ ಕೇಳಿ.

ಹಕ್ಕಿಗೆ ನಿಮ್ಮ ಕೈ ಹೇಗೆ ಕಾಣುತ್ತೆ

ಕಿಟ್ಟುವನ್ನು ಅಡುಗೆಮನೆಯ ತಕ್ಕಡಿಯ ಮೇಲೆ ನಿಲ್ಲಿಸಿದರೆ 90 ಗ್ರಾಂ. ನಾನು ಅದರ ಆರುನೂರು ಪಾಲು ಭಾರ. ಇಷ್ಟು ಚಿಕ್ಕ ಜೀವಿಗೆ ಆಸ್ಟ್ರೇಲಿಯಾದ ಬಯಲಲ್ಲಿ ಸಾವು ಬರುವುದು ಹೆಚ್ಚಾಗಿ ಮೇಲಿನಿಂದ, ಗಿಡುಗದ ರೂಪದಲ್ಲಿ. ಮೇಲಿನಿಂದ ಇಳಿಯುವ ನೆರಳು, ಬೆರಳು ಬಿಡಿಸಿಕೊಂಡು ಬರುವ ಉಗುರು, ನೆಟ್ಟಗೆ ತನ್ನನ್ನೇ ದಿಟ್ಟಿಸುವ ಎರಡು ಕಣ್ಣು. ಈಗ ನೀವು ಪಂಜರದ ಮೇಲಿನ ಬಾಗಿಲು ತೆಗೆದು, ಮುಖ ಬಗ್ಗಿಸಿ, ಐದೂ ಬೆರಳು ಅಗಲಿಸಿ ಕೈ ಇಳಿಸಿದ್ದನ್ನು ನೆನೆಸಿಕೊಳ್ಳಿ. ಹಕ್ಕಿ ನಿಮ್ಮನ್ನು ತಪ್ಪು ತಿಳಿದಿಲ್ಲ. ಗಿಡುಗ ಮಾಡುವುದನ್ನೇ ನೀವು ಒಂದೊಂದಾಗಿ ಮಾಡುತ್ತಿದ್ದೀರಿ.

ಹಕ್ಕಿಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹಿಂದಿನಿಂದ ಬರುವುದೂ ಅದಕ್ಕೆ ಬಹುಪಾಲು ಕಾಣುತ್ತದೆ. ಏನನ್ನಾದರೂ ಸರಿಯಾಗಿ ನೋಡಬೇಕಾದರೆ ತಲೆಯನ್ನು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದೆ. ಬೇಟೆಯಾಡುವ ಪ್ರಾಣಿಗಳ ಕಣ್ಣು ಮುಂದಕ್ಕಿರುತ್ತವೆ, ನಮ್ಮವೂ ಹಾಗೇ. ಅದಕ್ಕೇ ಹೊಸ ಹಕ್ಕಿಯ ಹತ್ತಿರ ಹೋಗುವಾಗ ಸ್ವಲ್ಪ ಓರೆಯಾಗಿ, ಅದರ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಇದ್ದು, ನೋಟವನ್ನು ಬೇರೆಲ್ಲೋ ಇಟ್ಟುಕೊಂಡು ಹೋಗಬೇಕು. ನಿಧಾನಕ್ಕೆ ರೆಪ್ಪೆ ಬಡಿದರೆ ಇನ್ನೂ ಒಳ್ಳೆಯದು. ನಮ್ಮ ಅಣ್ಣನ ಮಗ ಇದನ್ನು ಕೇಳಿ ಒಂದು ವಾರ ಪಂಜರದ ಮುಂದೆ ಏಡಿಯ ಹಾಗೆ ಅಡ್ಡಡ್ಡ ನಡೆದ. ನಗು ಬಂದರೂ, ಕೆಲಸವಂತೂ ಆಯಿತು.

ಇನ್ನೊಂದು ಸಂಗತಿ ಗೊತ್ತಿಲ್ಲದೆ ಎಷ್ಟೋ ಹಕ್ಕಿಗಳು ಪ್ರೀತಿಯ ಮುಷ್ಟಿಯಲ್ಲೇ ಸತ್ತಿವೆ. ನಮ್ಮ ಹೊಟ್ಟೆ ಮತ್ತು ಎದೆಯ ನಡುವೆ ಉಸಿರಾಡಲು ವಪೆ ಅನ್ನುವ ಪರದೆ ಇದೆ. ಹಕ್ಕಿಗೆ ಅಂಥದ್ದು ಇಲ್ಲ. ಅದು ಎದೆಯ ಮೂಳೆಯನ್ನೇ ಮುಂದಕ್ಕೆ ಹಿಂದಕ್ಕೆ ಆಡಿಸಿ, ತಿದಿ ಒತ್ತಿದ ಹಾಗೆ, ಗಾಳಿಚೀಲಗಳಿಗೆ ಗಾಳಿ ತುಂಬಿಸಿ ಖಾಲಿ ಮಾಡುತ್ತದೆ. ಮೂಗು, ಬಾಯಿ ತೆರೆದಿದ್ದರೂ ಎದೆ ಆಡಲು ಜಾಗ ಇಲ್ಲದಿದ್ದರೆ ಉಸಿರು ನಿಲ್ಲುತ್ತದೆ. ಮಕ್ಕಳು ಹಕ್ಕಿಯನ್ನು ಮಾವಿನಕಾಯಿ ಹಿಡಿದ ಹಾಗೆ ಹಿಡಿಯುತ್ತಾರೆ. ಬಿಗಿಯಾಗಿ ಹಿಡಿಯಬೇಡ ಅಂತ ಎಷ್ಟು ಹೇಳಿದರೂ ಸಾಲದು. ಎದೆಯನ್ನು ಸುತ್ತುವ ಹಿಡಿತವೇ ಬೇಡ ಅಂತ ಹೇಳಬೇಕು.

ಮೊದಲ ವಾರ: ಪೇಪರ್ ಓದಿ

ಹಿಂದಿನ ಮನೆಯಲ್ಲಿ ಎಷ್ಟೇ ಸಾಧುವಾಗಿದ್ದರೂ ಹೊಸ ಮನೆಗೆ ಬಂದ ಹಕ್ಕಿ ಹೊಸದೇ. ಗೋಡೆಯ ಬಣ್ಣ, ಕುಕ್ಕರ್ ಸೀಟಿ, ಮಿಕ್ಸಿಯ ಸದ್ದು, ಕಿಟಕಿಯಾಚೆ ಕಾಗೆ, ಎಲ್ಲ ಅದಕ್ಕೆ ಪ್ರಶ್ನೆಗಳು. ಪಂಜರವನ್ನು ಎದೆಯ ಎತ್ತರದಲ್ಲಿ, ಒಂದು ಕಡೆ ಗೋಡೆ ಇರುವ ಹಾಗೆ ಇಡಿ. ನಾಲ್ಕೂ ಕಡೆ ತೆರೆದಿದ್ದರೆ ಅದಕ್ಕೆ ಬೆನ್ನು ಕಾಯುವ ಕೆಲಸ ದಿನವಿಡೀ. ನೆಲದ ಮೇಲೆ ಬೇಡ, ಅಡುಗೆಮನೆಯಲ್ಲಂತೂ ಬೇಡವೇ ಬೇಡ. ರಾತ್ರಿ ಹತ್ತು ಹನ್ನೆರಡು ಗಂಟೆ ನಿದ್ದೆ ಬೇಕು, ಅಂದರೆ ನಮ್ಮ ಧಾರಾವಾಹಿಯ ಹೊತ್ತಿಗೆ ಅದರ ಕೋಣೆಯಲ್ಲಿ ದೀಪ ಆರಿರಬೇಕು. ಕಾಕಟೀಲ್‌ಗಳಿಗೆ ಮಾತ್ರ ಪೂರ್ತಿ ಕತ್ತಲಲ್ಲಿ ಬೆಚ್ಚಿಬೀಳುವ ಚಾಳಿ ಇದೆ. ಕತ್ತಲಲ್ಲಿ ಏನೋ ಸದ್ದಾಗಿ, ಹಾರಲು ಹೋಗಿ, ಕಂಬಿಗೆ ಬಡಿದುಕೊಂಡು ರೆಕ್ಕೆ ಗಾಯ ಮಾಡಿಕೊಳ್ಳುತ್ತವೆ. ಒಂದು ಝೀರೋ ಬಲ್ಬ್ ಹಾಕಿಟ್ಟರೆ ಸಾಕು.

ಆಮೇಲೆ ಮಾಡಬೇಕಾದ ಕೆಲಸ ಬಹಳ ಜನರಿಗೆ ಕಷ್ಟ: ಏನೂ ಮಾಡದಿರುವುದು. ಬೆಳಿಗ್ಗೆ ನೀರು, ಕಾಳು ಬದಲಾಯಿಸಿ, ಪಂಜರದಿಂದ ಐದಾರು ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಂಡಿಗಳ ಅಡಿಕೆ ಧಾರಣೆ, ಕೆ.ಆರ್.ಎಸ್. ನೀರಿನ ಮಟ್ಟ, ಏನಾದರೂ. ಹಕ್ಕಿಗೆ ಬೇಕಿದ್ದುದು ನನ್ನ ದನಿ. ಆ ದನಿ ಕೇಳಿದರೆ ಕೆಟ್ಟದ್ದೇನೂ ಆಗುವುದಿಲ್ಲ ಅನ್ನುವ ಲೆಕ್ಕ. ಮೂರನೆಯ ದಿನ ನಾನು ಇದ್ದಾಗಲೇ ಅದು ಬಟ್ಟಲಿಗೆ ಇಳಿದು ಕಾಳು ಒಡೆಯಿತು. ತಲೆ ತಗ್ಗಿಸಿ ತಿನ್ನುವಾಗ ಶತ್ರು ಬಂದರೆ ತಿಳಿಯುವುದು ತಡ. ಹಾಗಾಗಿ ನಿಮ್ಮೆದುರು ತಿಂದಿತು ಅಂದರೆ ಮೊದಲ ಮೆಟ್ಟಿಲು ಹತ್ತಿದಿರಿ. ಈ ದಿನಗಳಲ್ಲಿ ಹಿಂದಿನ ಮನೆಯವರಿಗೆ ಒಂದು ಫೋನ್ ಮಾಡಿ, ಏನಂತ ಕರೆಯುತ್ತಿದ್ದರು, ಯಾವ ಶಿಳ್ಳೆ, ಏನು ಇಷ್ಟ, ಯಾವುದಕ್ಕೆ ಹೆದರುತ್ತೆ ಅಂತ ಕೇಳಿಕೊಳ್ಳಿ. ಕಿಟ್ಟುವಿಗೆ ನೀಲಿ ಬಣ್ಣದ ಪ್ಲಾಸ್ಟಿಕ್ ಅಂದರೆ ಆಗದು ಅಂತ ತಿಳಿದದ್ದು ಹಾಗೆ. ನಮ್ಮ ಕಸದ ಬುಟ್ಟಿ ನೀಲಿ!

ಸುಮ್ಮನಿರುವುದೆಲ್ಲ ಪಳಗಿದ್ದಲ್ಲ

ಇಲ್ಲೊಂದು ಜಗಳದ ವಿಷಯ ಎತ್ತಬೇಕು. ಹೆದರಿದ ಹಕ್ಕಿಯನ್ನು ಕೈಗೆ ತರಲು ಎರಡು ದಾರಿಗಳಿವೆ. ಒಂದು, ಅನೇಕ ಅಂಗಡಿಗಳಲ್ಲಿ ಇಂದಿಗೂ ಹೇಳಿಕೊಡುವುದು: ರೆಕ್ಕೆಯ ಗರಿ ಕತ್ತರಿಸಿ, ಟವೆಲ್ಲಿನಲ್ಲಿ ಹಿಡಿದು, ಒದ್ದಾಟ ನಿಲ್ಲುವವರೆಗೂ ಬಿಡಬೇಡಿ, ಎರಡು ದಿನದಲ್ಲಿ ಸರಿಹೋಗುತ್ತೆ. ಎರಡು ದಿನದಲ್ಲಿ ಒದ್ದಾಟ ನಿಲ್ಲುವುದು ನಿಜ. ಆದರೆ ನಿಂತದ್ದು ಒದ್ದಾಟ ಮಾತ್ರ, ಹೆದರಿಕೆಯಲ್ಲ. ಏನು ಮಾಡಿದರೂ ಬಿಡಿಸಿಕೊಳ್ಳಲು ಆಗದು ಅಂತ ಕಲಿತ ಪ್ರಾಣಿ ಕೈಚೆಲ್ಲಿ ಕೂರುತ್ತದೆ. ಅದನ್ನು ನೋಡಿ ನಾವು "ಎಷ್ಟು ಸಾಧು ನೋಡಿ" ಅನ್ನುತ್ತೇವೆ. ಕೈಯೊಳಗೆ ಕಲ್ಲಿನಂತೆ ಕೂತ, ಗರಿಯೆಲ್ಲ ಮೈಗೆ ಅಂಟಿದ, ಕಣ್ಣು ಅಗಲವಾಗಿರುವ ಹಕ್ಕಿ ಸಾಧು ಆಗಿಲ್ಲ, ದಿಕ್ಕೆಟ್ಟಿದೆ.

ಇನ್ನೊಂದು ದಾರಿಯಲ್ಲಿ ಹೆದರಿಕೆ ಶುರುವಾಗುವ ಗೆರೆಯನ್ನು ಹುಡುಕಿ, ಆ ಗೆರೆಯ ಈಚೆಗೇ ಕೆಲಸ ಮಾಡುತ್ತೀರಿ. ಕೈ ನಾಲ್ಕು ಅಡಿ ದೂರ ಇದ್ದಾಗ ಹಕ್ಕಿ ಆರಾಮ, ಮೂರಡಿಗೆ ಬಂದಾಗ ಮೈ ಬಿಗಿ ಹಿಡಿಯಿತು ಅಂದರೆ ಇವತ್ತಿನ ಗೆರೆ ಮೂರೂವರೆ ಅಡಿ. ಅಲ್ಲಿ ಕೈ ನಿಲ್ಲಿಸಿ. ಹಕ್ಕಿ ಗರಿ ಸಡಿಲಿಸಿದ ಕೂಡಲೇ ಕೈಯನ್ನು ನೀವೇ ಹಿಂದಕ್ಕೆ ತೆಗೆಯಿರಿ. ತಾನು ಸಮಾಧಾನವಾಗಿದ್ದರೆ ಕೈ ದೂರ ಹೋಗುತ್ತದೆ, ಅದಕ್ಕಾಗಿ ಕಚ್ಚಬೇಕಿಲ್ಲ ಅಂತ ಅದಕ್ಕೆ ತಿಳಿಯುತ್ತದೆ. ನಾಳೆ ಗೆರೆ ಮೂರಡಿ ಆಗಿರುತ್ತದೆ, ನಾಡಿದ್ದು ಎರಡು. ಒಂದು ದಿನ ಪಕ್ಕದ ಮನೆಯಲ್ಲಿ ಪಟಾಕಿ ಹೊಡೆದು ಮತ್ತೆ ನಾಲ್ಕಕ್ಕೆ ಹೋಗಿರುತ್ತದೆ. ಬೇಜಾರು ಮಾಡಿಕೊಳ್ಳದೆ ನಾಲ್ಕರಿಂದ ಶುರುಮಾಡುವುದು.

ಆ ಗೆರೆಯನ್ನು ಕಾಣಬೇಕಾದರೆ ಹಕ್ಕಿಯ ಮೈ ಓದಲು ಬರಬೇಕು. ಕಾಕಟೀಲ್ ಸಾಕುವವರ ಪುಣ್ಯ, ಅದರ ಮನಸ್ಸು ತಲೆಯ ಮೇಲೇ ಇದೆ. ಜುಟ್ಟು ನೆಟ್ಟಗೆ ನಿಂತಿದ್ದರೆ ಬೆಚ್ಚಿದೆ ಅಥವಾ ಬಹಳ ಕುತೂಹಲ. ತಲೆಗೆ ಪೂರ್ತಿ ಅಂಟಿ, ಬಾಯಿ ತೆರೆದು ಬುಸುಗುಟ್ಟುತ್ತಿದ್ದರೆ ಕೋಪ; ಮುಂದಿನದು ನಿಮ್ಮ ಬೆರಳು. ಅರ್ಧಕ್ಕೆ, ತುದಿ ತುಸು ಹಿಂದಕ್ಕೆ ಬಾಗಿ ನಿಂತಿದ್ದರೆ ಆರಾಮ. ಬಜರಿಗರ್‌ಗೆ ಜುಟ್ಟಿಲ್ಲ, ಅದು ಹೆದರಿದರೆ ಮೈಯನ್ನು ಉದ್ದಕ್ಕೆ ಎಳೆದುಕೊಂಡು ಕಡ್ಡಿಯ ಹಾಗೆ ತೆಳ್ಳಗಾಗುತ್ತದೆ. ಎಲ್ಲ ಜಾತಿಗೂ ಅನ್ವಯಿಸುವ ಗುರುತು ಮೈ ಕೊಡವುವುದು. ಬಿಗಿಯಾಗಿದ್ದ ಹಕ್ಕಿ ಒಮ್ಮೆ ಗರಿಗಳನ್ನೆಲ್ಲ ಉಬ್ಬಿಸಿ ಜಾಡಿಸಿತು ಅಂದರೆ ನಿಟ್ಟುಸಿರು ಬಿಟ್ಟಿತು ಅಂತ ಲೆಕ್ಕ. ಒಂದು ಕಾಲೆತ್ತಿ ಗರಿಯೊಳಗೆ ಸೇರಿಸಿಕೊಂಡು ಕೊಕ್ಕನ್ನು ಕಟಕಟ ಮಸೆಯುತ್ತಿದ್ದರೆ, ನೀವು ಹತ್ತಿರ ಇದ್ದೂ ಅದಕ್ಕೆ ನಿದ್ದೆ ಬರುತ್ತಿದೆ.

ನವಣೆಯ ತೆನೆ

ಜಗತ್ತಿನಲ್ಲೆಲ್ಲ ಈ ಹಕ್ಕಿಗಳನ್ನು ಕೈಗೆ ತರಲು ಬಳಸುವ ತುಂಬಾ ನಂಬಿಕೆಯ ಸಾಧನ ಯಾವುದೆಂದು ತಿಳಿದಾಗ ನನಗೆ ಹೆಮ್ಮೆಯೇ ಆಯಿತು. ನಮ್ಮ ನವಣೆ. ವಿದೇಶಿ ಅಂಗಡಿಗಳಲ್ಲಿ ಹಕ್ಕಿಗೆಂದು ಪ್ಲಾಸ್ಟಿಕ್ ಪೊಟ್ಟಣದಲ್ಲಿ ದುಬಾರಿಗೆ ಮಾರುವ ತೆನೆ ಬೇರೆಯಲ್ಲ, ಬಳ್ಳಾರಿ, ಕೊಪ್ಪಳ, ರಾಯಚೂರಿನ ಹೊಲಗಳಲ್ಲಿ ಬೆಕ್ಕಿನ ಬಾಲದ ಹಾಗೆ ಬಾಗಿ ನಿಲ್ಲುವ ಅದೇ ಬೆಳೆ. ನಮ್ಮ ಕಿರಾಣಿ ಅಂಗಡಿಯಲ್ಲಿ ಈಗ ಸಿಗುವುದು ಹೊಟ್ಟು ತೆಗೆದ ನವಣೆ ಅಕ್ಕಿ, ಅದು ನಮಗೆ. ಹಕ್ಕಿಗೆ ಹೊಟ್ಟಿನ ಸಮೇತ ಬೇಕು, ಒಡೆದು ತಿನ್ನುವುದರಲ್ಲೇ ಅದರ ಅರ್ಧ ಸುಖ. ತೆನೆ ಸಿಗದೆ ನಾನು ಕಿಟ್ಟುವಿನ ಕಾಳಿನಲ್ಲೇ ಒಂದು ಹಿಡಿಯನ್ನು ಟೆರೇಸಿನ ಎರಡು ಕುಂಡಕ್ಕೆ ಎರಚಿದೆ. ಮೂರು ತಿಂಗಳಿಗೆ ಎಂಟು ತೆನೆ ಬಂದವು. ಆರನ್ನು ಗುಬ್ಬಚ್ಚಿಗಳು ಒಯ್ದವು, ಅದು ಬೇರೆ ಮಾತು. ಅಷ್ಟರಲ್ಲಿ ಪೇಟೆಯಿಂದ ತರಿಸಿದ್ದರಲ್ಲೇ ಕೆಲಸ ಮುಗಿದಿತ್ತು.

ತೆನೆಯ ಗುಣ ಅದರ ಉದ್ದದಲ್ಲಿದೆ. ಒಂದು ಕಾಳನ್ನು ಬೆರಳಲ್ಲಿ ಹಿಡಿದರೆ ಹಕ್ಕಿ ಬೆರಳಿಗೇ ಬರಬೇಕು. ಗೇಣುದ್ದದ ತೆನೆಯ ಒಂದು ತುದಿ ನೀವು ಹಿಡಿದರೆ ಇನ್ನೊಂದು ತುದಿಯಲ್ಲಿ ಅದು ನಿಶ್ಚಿಂತೆಯಿಂದ ತಿನ್ನಬಹುದು. ಮೊದಲ ದಿನ ಕಂಬಿಯ ಹೊರಗಿನಿಂದ ಚಾಚಿದೆ. ಹಕ್ಕಿ ಬರಲಿಲ್ಲ. ಕಂಬಿಗೆ ಸಿಕ್ಕಿಸಿ ಬಂದುಬಿಟ್ಟೆ. ಸಂಜೆಗೆ ತುದಿ ಬೋಳಾಗಿತ್ತು. ಎರಡನೆಯ ದಿನ ನಾನು ಹಿಡಿದಿದ್ದಾಗಲೇ ಕತ್ತು ಚಾಚಿ ಎರಡು ಕಾಳು ಕಿತ್ತು ಹಿಂದಕ್ಕೆ ಓಡಿತು. ಮೂರನೆಯ ದಿನ ಓಡಲಿಲ್ಲ. ಆಮೇಲೆ ಬಾಗಿಲು ತೆರೆದು, ತೆನೆಯನ್ನು ಸ್ವಲ್ಪ ಸ್ವಲ್ಪವೇ ಗಿಡ್ಡವಾಗಿ ಹಿಡಿಯುತ್ತಾ ಬಂದೆ. ಹತ್ತನೆಯ ದಿನದ ಹೊತ್ತಿಗೆ ಹಕ್ಕಿಯ ಕೊಕ್ಕು ನನ್ನ ಹೆಬ್ಬೆರಳಿನ ಪಕ್ಕದಲ್ಲಿತ್ತು. ಬೆಳಿಗ್ಗೆ ಬಟ್ಟಲು ತುಂಬುವ ಮುಂಚೆ ಐದು ನಿಮಿಷ, ಸಂಜೆ ಐದು ನಿಮಿಷ, ಅಷ್ಟೇ. ಹಸಿವಿಗೆ ಕೆಡವಿ ಕಲಿಸುವುದು ಬೇಡ. ಇಷ್ಟು ಚಿಕ್ಕ ಮೈಯಲ್ಲಿ ಹೆಚ್ಚು ಹೊತ್ತು ಉಪವಾಸ ತಾಳುವ ಶಕ್ತಿ ಇರುವುದಿಲ್ಲ. ಇಷ್ಟದ ತಿನಿಸನ್ನು ಬಟ್ಟಲಿಗೆ ಹಾಕದೆ ಕೈಯಿಂದ ಮಾತ್ರ ಕೊಟ್ಟರೆ ಸಾಕು.

ಇದರ ಹಿಂದಿನ ತತ್ವಕ್ಕೆ ಒಂದು ಸ್ವಾರಸ್ಯದ ಚರಿತ್ರೆ ಇದೆ. 1943ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಹಿಟ್ಟಿನ ಗಿರಣಿಯ ಮೇಲಂತಸ್ತಿನಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಮತ್ತು ಜೊತೆಗಾರರು ಪಾರಿವಾಳಗಳ ಮೇಲೆ ಕೆಲಸ ಮಾಡುತ್ತಿದ್ದರು. ಕ್ಷಿಪಣಿಗೆ ಪಾರಿವಾಳದಿಂದ ದಾರಿ ತೋರಿಸುವ ಯುದ್ಧಕಾಲದ ಯೋಜನೆ ಅದು. ಬಿಡುವಿದ್ದ ಒಂದು ದಿನ ಒಂದು ಪಾರಿವಾಳಕ್ಕೆ ಕೊಕ್ಕಿನಿಂದ ಮರದ ಚೆಂಡು ಹೊಡೆಯುವುದನ್ನು ಕಲಿಸಲು ಕೂತರು. ಅದು ಚೆಂಡು ಹೊಡೆಯಲಿ, ಆಗ ಕಾಳು ಕೊಡೋಣ ಅಂತ ಕಾದರೆ ಹೊಡೆಯಲೇ ಇಲ್ಲ. ಸರಿ, ಚೆಂಡಿನ ಕಡೆ ನೋಡಿದರೂ ಕೊಡೋಣ ಅಂದರು. ನೋಡಿದ್ದಕ್ಕೆ ಕಾಳು, ಹತ್ತಿರ ಬಂದದ್ದಕ್ಕೆ ಕಾಳು, ಮುಟ್ಟಿದ್ದಕ್ಕೆ ಕಾಳು. ಕೆಲವೇ ನಿಮಿಷಗಳಲ್ಲಿ ಚೆಂಡು ಪೆಟ್ಟಿಗೆಯ ಗೋಡೆಗಳಿಗೆ ಬಡಿಯುತ್ತಿತ್ತು. ಕೊನೆಯ ಫಲಕ್ಕೆ ಕಾಯದೆ, ಅದರ ದಿಕ್ಕಿನಲ್ಲಿ ಇಟ್ಟ ಪ್ರತಿ ಹೆಜ್ಜೆಗೂ ಕೂಲಿ ಕೊಡುವುದು. ನಮ್ಮ ಜಾತ್ರೆಗಳಲ್ಲಿ ಗಿಳಿಶಾಸ್ತ್ರದವನ ಗಿಳಿ ಪಂಜರದಿಂದ ಬಂದು, ಒಂದು ಕಾರ್ಡು ಎಳೆದುಕೊಟ್ಟು, ಒಂದು ಕಾಳು ತಿಂದು ಒಳಗೆ ಹೋಗುತ್ತಿದ್ದುದೂ ಇದೇ ಲೆಕ್ಕ. ಅವನಿಗೆ ಸ್ಕಿನ್ನರ್ ಗೊತ್ತಿರಲಿಲ್ಲ, ಕಾಳು ಯಾವಾಗ ಕೊಡಬೇಕೆಂದು ಗೊತ್ತಿತ್ತು. ಆದರೆ ಆ ಗಿಳಿಗೆ ಪಂಜರ ಬಿಟ್ಟರೆ ಹೋಗಲು ಬೇರೆ ಜಾಗವೇ ಇರಲಿಲ್ಲ, ರೆಕ್ಕೆಯನ್ನೂ ಕತ್ತರಿಸಿರುತ್ತಿದ್ದರು. ನಾನು ಆ ಭಾಗವನ್ನು ಬಿಟ್ಟು ಕಾಳನ್ನಷ್ಟೇ ಇಟ್ಟುಕೊಂಡೆ.

ಬೆರಳು ಏರುವುದು

ಕೈಯಿಂದ ತಿನ್ನುವ ಹಕ್ಕಿಯನ್ನು ಕೈ ಮೇಲೆ ಹತ್ತಿಸುವುದು ಮುಂದಿನದು. ಬೆರಳನ್ನು ಅಡ್ಡಲಾಗಿ, ಕೂರುವ ಕೋಲಿನ ಹಾಗೆ, ಕಾಲಿನ ತುಸು ಮೇಲೆ ಹೊಟ್ಟೆಯ ಕೆಳಗೆ ಹಿಡಿಯಬೇಕು. ಹಕ್ಕಿಗೆ ಯಾವಾಗಲೂ ಇರುವ ಜಾಗಕ್ಕಿಂತ ಎತ್ತರದ ಜಾಗದ ಮೇಲೆ ಆಸೆ. ತೆನೆಯನ್ನು ಬೆರಳಿನ ಆಚೆಗೆ, ಕತ್ತು ಚಾಚಿದರೆ ಸಿಗದ ದೂರದಲ್ಲಿ ಹಿಡಿದರೆ ಒಂದು ಕಾಲು ತಾನಾಗಿ ಮೇಲೆ ಬರುತ್ತದೆ. ಹೊಟ್ಟೆಗೆ ಒತ್ತಿ ಹತ್ತಿಸುವ ಪದ್ಧತಿ ಇದೆ. ನನಗೆ ಸರಿ ಕಾಣುವುದಿಲ್ಲ. ಅದು ಹತ್ತಿದ್ದಲ್ಲ, ನೀವು ದೂಡಿದ್ದು. ಕೈಗೇ ಹೆದರುವ ಹಕ್ಕಿಗೆ ಮೊದಲು ಸೀಬೆಮರದ ಕಡ್ಡಿಯ ಮೇಲೆ ಹತ್ತುವುದನ್ನು ಕಲಿಸಿ, ಕಡ್ಡಿಯನ್ನು ದಿನದಿನಕ್ಕೆ ಗಿಡ್ಡ ಹಿಡಿಯುತ್ತಾ ಬನ್ನಿ.

ಹತ್ತುವ ಮುಂಚೆ ಹಕ್ಕಿ ಕೊಕ್ಕಿನಿಂದ ಬೆರಳನ್ನು ಹಿಡಿಯುತ್ತದೆ. ಇಲ್ಲೇ ಮುಕ್ಕಾಲು ಪಾಲು ಜನ ಸೋಲುವುದು. ಕಚ್ಚಿತು ಅಂದುಕೊಂಡು ಕೈ ಎಳೆದುಕೊಳ್ಳುತ್ತಾರೆ. ಗಿಳಿಯ ಬಳಗಕ್ಕೆ ಕೊಕ್ಕು ಮೂರನೆಯ ಕೈ. ಅಲುಗಾಡುವ ಕೊಂಬೆಯ ಮೇಲೆ ಕಾಲಿಡುವ ಮುಂಚೆ ನಾವು ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡುವುದಿಲ್ಲವೇ, ಹಾಗೆ. ಆ ಹೊತ್ತಿನಲ್ಲಿ ಬೆರಳು ಸರಿದರೆ ಈ ಕೊಂಬೆಯನ್ನು ನಂಬುವ ಹಾಗಿಲ್ಲ ಅಂತ ಅದಕ್ಕೆ ಮನವರಿಕೆ ಆಗುತ್ತದೆ. ಜೊತೆಗೆ ಕೊಕ್ಕು ತಾಗಿಸಿದರೆ ಕೈ ಓಡುತ್ತದೆ ಅನ್ನುವ ಇನ್ನೊಂದು ಪಾಠ ಬಿಟ್ಟಿಯಾಗಿ.

ನಿಜವಾಗಿ ಕಚ್ಚಿದರೆ? ಕೂಗಬೇಡಿ. ಕೆಲವು ಹಕ್ಕಿಗಳಿಗೆ ನಿಮ್ಮ "ಅಯ್ಯೋ" ಒಂದು ಮೋಜು. ಮುಖಕ್ಕೆ ಊದಬೇಡಿ, ಕೊಕ್ಕಿಗೆ ತಟ್ಟಬೇಡಿ, ಕೈ ಕೊಡವಬೇಡಿ. ಮೆಲ್ಲಗೆ ಅದನ್ನು ಹತ್ತಿರದ ಕೋಲಿಗೆ ಇಳಿಸಿ ಐದು ನಿಮಿಷ ಆಚೆ ಹೋಗಿ. ಆಮೇಲೆ ಕೂತು, ಕಚ್ಚುವ ಮುಂಚಿನ ಅರ್ಧ ನಿಮಿಷದಲ್ಲಿ ಏನಾಯಿತೆಂದು ನೆನಪು ಮಾಡಿಕೊಳ್ಳಿ. ಜುಟ್ಟು ನೆಟ್ಟಗೆ ನಿಂತಿತ್ತೇ, ಹಿಂದಕ್ಕೆ ಸರಿದಿತ್ತೇ, ಬುಸುಗುಟ್ಟಿತ್ತೇ? ನನ್ನ ಮೊದಲ ಸಂಜೆ ಈ ಮೂರೂ ಆಗಿದ್ದವು. ಹಕ್ಕಿ ಮೂರು ಸಲ ಬೇಡ ಅಂದ ಮೇಲೆ ನಾಲ್ಕನೆಯ ಸಲ ಕಚ್ಚಿತು. ಅಮ್ಮನ ಪ್ರಶ್ನೆಗೆ ಉತ್ತರ ಅದು: ನಾನೇ ಹೋಗಿ ಕಚ್ಚಿಸಿಕೊಂಡೆ.

ಮುದ್ದಿನ ವಿಷಯದಲ್ಲಿ ಒಂದು ಎಚ್ಚರ. ತಲೆ, ಕೆನ್ನೆ, ಕತ್ತಿನ ಹಿಂಭಾಗ, ಅಷ್ಟೇ. ಬೆನ್ನು, ರೆಕ್ಕೆಯಡಿ, ಬಾಲದ ಬುಡ ಸವರುವುದನ್ನು ಹಕ್ಕಿ ಜೋಡಿ ಕೂಡುವ ಸನ್ನೆ ಅಂತ ತಿಳಿಯುತ್ತದೆ. ಆಮೇಲೆ ಹೆಣ್ಣಾದರೆ ಮೊಟ್ಟೆ, ಗಂಡಾದರೆ ರೇಗಾಟ. ತಲೆಯನ್ನು ಗರಿಯ ಎದುರು ದಿಕ್ಕಿಗೆ ಮೆಲ್ಲಗೆ ಕೆರೆದರೆ ಕಿಟ್ಟು ಕಣ್ಣು ಮುಚ್ಚಿ ತಲೆಯನ್ನು ಅಂಗೈಗೇ ತುರುಕುತ್ತದೆ. ಹೊಸ ಗರಿ ಮೊಳೆಯುವಾಗ ಮಾತ್ರ, ಮುಳ್ಳಿನಂಥ ಚಿಗುರು ಒತ್ತಿದರೆ ನೋವು, ಒಂದು ಚುರುಕು ಕುಟುಕು ಸಿಗುತ್ತದೆ. ಅದೂ ಮಾತೇ.

ಔಷಧಿಗೋ ಉಗುರಿಗೋ ಹಿಡಿಯಲೇಬೇಕಾದ ದಿನ ಬರುತ್ತದೆ. ತೆಳುವಾದ ಹತ್ತಿ ಟವೆಲ್ ಹೊದಿಸಿ, ಹೆಬ್ಬೆರಳು ಮತ್ತು ತೋರುಬೆರಳು ದವಡೆಯ ಎರಡೂ ಬದಿಗೆ ಬರುವ ಹಾಗೆ ತಲೆಯನ್ನು ಹಿಡಿದು, ಮೈಯನ್ನು ಅಂಗೈಯಲ್ಲಿ ಸಡಿಲವಾಗಿ ಒರಗಿಸಬೇಕು. ಹಕ್ಕಿಯ ಶ್ವಾಸನಾಳದ ಉಂಗುರಗಳು ಪೂರ್ತಿ ಸುತ್ತಿಕೊಂಡಿರುವುದರಿಂದ ಕತ್ತಿನ ಹತ್ತಿರದ ಹಗುರ ಹಿಡಿತ ಉಸಿರು ಕಟ್ಟಿಸುವುದಿಲ್ಲ. ಎದೆಯ ಹಿಡಿತ ಕಟ್ಟಿಸುತ್ತದೆ. ಮೊದಲ ಸಲ ವೈದ್ಯರಿಂದಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ. ನಾಯಿ ನೋಡುವ ಎಲ್ಲ ಡಾಕ್ಟರೂ ಹಕ್ಕಿ ನೋಡುವುದಿಲ್ಲ, ಹಕ್ಕಿ ಚೆನ್ನಾಗಿರುವಾಗಲೇ ಒಬ್ಬರನ್ನು ಹುಡುಕಿಟ್ಟುಕೊಳ್ಳಿ.

ಫ್ಯಾನ್ ಆಫ್

ಹೊರಗೆ ಬಿಡುವ ದಿನ ನಮ್ಮ ಮನೆಗಳ ದೊಡ್ಡ ಶತ್ರು ತಲೆಯ ಮೇಲೇ ತಿರುಗುತ್ತಿರುತ್ತದೆ. ಹಾರುವ ಭರದಲ್ಲಿ ಹಕ್ಕಿ ಸೀಲಿಂಗ್ ಫ್ಯಾನಿಗೆ ಬಡಿದುಕೊಳ್ಳಬಹುದು. ನಮ್ಮಲ್ಲಿ ಈಗ ಪಂಜರದ ಚಿಲಕಕ್ಕೆ ಕೆಂಪು ದಾರ ಕಟ್ಟಿದೆ. ದಾರ ಮುಟ್ಟಿದವರು "ಫ್ಯಾನ್ ಆಫ್" ಅಂತ ಕೂಗಬೇಕು, ಇನ್ನೊಬ್ಬರು "ಆಫ್" ಅನ್ನಬೇಕು, ಆಮೇಲೆ ಬಾಗಿಲು. ಕಿಟಕಿಗೆ ಪರದೆ, ಕನ್ನಡಿಗೆ ಬಟ್ಟೆ, ನೀರಿನ ಬಕೆಟ್ಟಿಗೆ ಮುಚ್ಚಳ. ಅಡುಗೆಮನೆಯಲ್ಲಿ ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಏಳುವ ಹೊಗೆ ನಮಗೆ ಗೊತ್ತೇ ಆಗದಿರಬಹುದು, ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಗಾಳಿಯಲ್ಲಿರುವುದನ್ನು ಅದರ ಶ್ವಾಸಕೋಶ ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿ ಹೀರಿಕೊಳ್ಳುತ್ತದೆ, ವಿಷವನ್ನೂ. ದೋಸೆಗೆ ಅಜ್ಜಿಯ ಕಾಲದ ಕಬ್ಬಿಣದ ಕಾವಲಿ ಹೊರಬಂತು. ದೋಸೆಗೂ ಒಳ್ಳೆಯದೇ ಆಯಿತು. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಕಾಯಿಲ್ ಹಕ್ಕಿಯ ಕೋಣೆಯಲ್ಲಿ ಬೇಡ. ತಿನಿಸಿನಲ್ಲಿ ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ ಪೂರ್ತಿ ನಿಷೇಧ.

ರೆಕ್ಕೆ ಕತ್ತರಿಸಬೇಕೇ ಅಂತ ಕೇಳುವವರಿದ್ದಾರೆ. ಕಿಟಕಿ ಮುಚ್ಚಲು ಆಗದ ಮನೆಯವರು ಕತ್ತರಿಸುತ್ತಾರೆ, ಕತ್ತರಿಸಿದ ಹಕ್ಕಿ ಗಾಳಿ ಸಿಕ್ಕರೆ ಸ್ವಲ್ಪ ದೂರ ಹಾರಿ ನಾಯಿಯ ಮುಂದೆ ಇಳಿಯುತ್ತದೆ. ನನ್ನ ಮತ ಬೇಡ ಅಂತಲೇ. ಹಾರಿಹೋಗಬಲ್ಲ ಹಕ್ಕಿ ಹಾರಿಹೋಗದೆ ಬಂದು ಕೂತಾಗ ಮಾತ್ರ ನನ್ನ ಕೆಲಸ ಸರಿಹೋಗಿದೆಯೋ ಇಲ್ಲವೋ ನನಗೆ ಗೊತ್ತಾಗುವುದು.

ಕೊನೆಗೆ ತಕ್ಕಡಿ. ಹಕ್ಕಿ ರೋಗವನ್ನು ಬಚ್ಚಿಡುತ್ತದೆ, ಬಯಲಲ್ಲಿ ಸೋತವನಂತೆ ಕಂಡರೆ ಗಿಡುಗಕ್ಕೆ ಮೊದಲ ತುತ್ತು ಅದೇ. ಹಾಗಾಗಿ ಇದ್ದಕ್ಕಿದ್ದಂತೆ "ಪಳಗಿದ" ಹಕ್ಕಿಯನ್ನು ಅನುಮಾನದಿಂದ ನೋಡಿ: ನಿನ್ನೆಯವರೆಗೆ ಓಡುತ್ತಿದ್ದದ್ದು ಇವತ್ತು ಗರಿ ಉಬ್ಬಿಸಿಕೊಂಡು, ಹಗಲಲ್ಲೇ ಕಣ್ಣು ಮುಚ್ಚಿ, ಮುಟ್ಟಿದರೂ ಸುಮ್ಮನಿದ್ದರೆ ಅದು ಸ್ನೇಹವಲ್ಲ, ಕಾಯಿಲೆ. ವಾರಕ್ಕೆರಡು ಸಲ ತೂಕ ಬರೆದಿಡಿ. ಹತ್ತರಲ್ಲೊಂದು ಪಾಲು ಇಳಿದರೆ ತಡಮಾಡದೆ ವೈದ್ಯರ ಹತ್ತಿರ. ಹಿಕ್ಕೆಯಲ್ಲಿ ಹಸಿರು, ಬಿಳಿ, ನೀರು ಮೂರೂ ಕಾಣಬೇಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ಸಿಟಕೋಸಿಸ್ ಅನ್ನುವ ಶ್ವಾಸಕೋಶದ ಜ್ವರ ಬರಬಹುದು. ಕಾಕಟೀಲ್ ಮೈಯಿಂದ ಪೌಡರಿನಂಥ ಧೂಳು ಸದಾ ಉದುರುತ್ತದೆ, ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ತರುವ ಮುಂಚೆ ಯೋಚಿಸಿ. ಚೆನ್ನಾಗಿ ನೋಡಿಕೊಂಡರೆ ಇದು ಹದಿನೈದು ಇಪ್ಪತ್ತು ವರ್ಷ ಬಾಳುವ ಜೀವ. ಈಗ ಮೂರನೆಯ ಕ್ಲಾಸಿನಲ್ಲಿರುವ ಅಣ್ಣನ ಮಗ ಕೆಲಸಕ್ಕೆ ಸೇರಿದ ಮೇಲೂ ಕಿಟ್ಟು ಇರಬಹುದು.

ಗೌರಿ ಹಬ್ಬದ ಬೆಳಿಗ್ಗೆ ಹೊಸ ಹಸಿರು ಗಾಜಿನ ಬಳೆ ತೊಟ್ಟು ಪಂಜರದ ಬಳಿ ಹೋದೆ. ಎರಡು ತಿಂಗಳಿಂದ ಪ್ರತಿದಿನ ಬೆರಳೇರುತ್ತಿದ್ದ ಹಕ್ಕಿ ಹಿಂದಿನ ಕಂಬಿಗೆ ಹೋಗಿ ಅಂಟಿಕೊಂಡಿತು, ಜುಟ್ಟು ನೆಟ್ಟಗೆ. ಕೈ ಅದೇ, ಆದರೆ ಅದರ ಮೇಲೆ ಝಣಝಣ ಅನ್ನುವ ಹೊಸದೇನೋ ಬಂದಿದೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಬಳೆ ಕಳಚಿ ಮೇಜಿನ ಮೇಲಿಟ್ಟು, ಫ್ಯಾನ್ ಆಫ್ ಮಾಡಿಸಿ, ಬಾಗಿಲು ತೆರೆದು ದೂರ ಕೂತೆ. ಹತ್ತು ನಿಮಿಷದ ಮೇಲೆ ಕಿಟ್ಟು ಹಾರಿ ಮೇಜಿಗೆ ಬಂತು. ಬಳೆಯ ಸುತ್ತ ಒಂದು ಸುತ್ತು ನಡೆಯಿತು. ಒಂದು ಕಣ್ಣಲ್ಲಿ ನೋಡಿತು, ಇನ್ನೊಂದು ಕಣ್ಣಲ್ಲಿ ನೋಡಿತು, ಕೊಕ್ಕಿನಿಂದ ಮೆಲ್ಲಗೆ ದೂಡಿತು. ಇನ್ನೂ ಸ್ವಲ್ಪ ದೂಡಿತು. ಮೇಜಿನ ಅಂಚಿಗೆ ಬಂದ ಬಳೆ ನೆಲಕ್ಕೆ ಬಿತ್ತು.

"ಅತ್ತೆ, ಬಳೆ ಒಡೆದೋಯ್ತು!" ಅಂತ ಹುಡುಗ ಕೂಗಿದ.

"ಹಬ್ಬದ ದಿನ ಒಡೀತು ಅನ್ನಬಾರದು ಕಣೋ, ಹೆಚ್ಚಿತು ಅನ್ನು," ಅಂದಳು ಅಮ್ಮ, ಪೊರಕೆ ತರಲು ಹೋಗುತ್ತಾ.